ನರ್ಸ್ ಡೈರಿ, ಭಾಗ 7: ನಿದ್ದೆಯಲ್ಲಿ ಇಳಿಯುವ ಸಕ್ಕರೆ

ಹೋದ ಭಾಗದಲ್ಲಿ ಇನ್ಸುಲಿನ್ ಸಿಕ್ಕ ಕಥೆ ಬರೆದಿದ್ದೆ. ಇವತ್ತು ಅದರ ಉಲ್ಟಾ, ಇನ್ಸುಲಿನ್ ಜಾಸ್ತಿಯಾದವರ ಕಥೆ.

1926ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರೋಗಿಯೊಬ್ಬರ ಹೊಟ್ಟೆ ತೆರೆದು ನೋಡಿದರು. ಆತನೂ ಡಾಕ್ಟರೇ. ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸುವ ಗಡ್ಡೆ, ಲಿವರ್‌ಗೂ ಹರಡಿತ್ತು, ತೆಗೆಯಲಾಗಲಿಲ್ಲ. 1929ರಲ್ಲಿ ಟೊರೊಂಟೊದ ರಾಸ್ಕೋ ಗ್ರಹಾಂ ಅಂಥದ್ದೊಂದನ್ನು ತೆಗೆದು ಗೆದ್ದರು. ಇನ್ಸುಲಿನ್ ಸಿಕ್ಕಿದ್ದೂ ಅದೇ ಊರಲ್ಲಿ, ನೋಡಿ!

ನನ್ನನ್ನು ಕಾಡೋದು ಅನಸ್ತೇಶಿಯಾ ಕೊಟ್ಟವರ ಪಾಡು. ಸಕ್ಕರೆ ಇಳಿದರೆ ನಡುಕ, ತೊದಲು, ಗಲಿಬಿಲಿ ಬರುತ್ತೆ. ಪ್ರಜ್ಞೆ ತಪ್ಪಿಸಿದ ಮೇಲೆ ಇದೆಲ್ಲ ಎಲ್ಲಿ ಕಾಣುತ್ತೆ? ರಕ್ತ ಲ್ಯಾಬ್‌ಗೆ ಹೋಗಿ ಉತ್ತರ ಬರೋವರೆಗೂ ಕಾಯಬೇಕಿತ್ತು. ಈಥರ್ ತಾನಾಗೇ ಸಕ್ಕರೆ ಏರಿಸುತ್ತಿತ್ತು, ಅಷ್ಟೇ ಪುಣ್ಯ. 1960ರ ದಶಕದಲ್ಲಿ ಡೆಕ್ಸ್ಟ್ರೋಸ್ಟಿಕ್ಸ್ ಪಟ್ಟಿ ಬಂದ ಮೇಲೆ ಒಂದು ಹನಿ ರಕ್ತ ಸಾಕಾಯಿತು.

ಮಕ್ಕಳಲ್ಲಿ ಈ ಗಡ್ಡೆ ಬಲು ಅಪರೂಪ. ಆದರೆ ಅವರ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಮೆದುಳು ಕೇಳೋದು ಜಾಸ್ತಿ. ಅದಕ್ಕೇ ಆಪರೇಷನ್ನಿಗೆ ಉಪವಾಸ ಶುರುವಾದಾಗಿನಿಂದಲೇ ಗ್ಲೂಕೋಸ್ ಡ್ರಿಪ್. ಥಿಯೇಟರ್‌ನಲ್ಲಿ 15–30 ನಿಮಿಷಕ್ಕೊಮ್ಮೆ ಸಕ್ಕರೆ ನೋಡ್ತಾರೆ. ಸರ್ಜನ್ ಗಡ್ಡೆ ಮುಟ್ಟಿದಾಗ ಇನ್ನೂ ಬೇಗ ಬೇಗ, ಯಾಕಂದ್ರೆ ಒತ್ತಿದರೆ ಇನ್ಸುಲಿನ್ ಚೆಲ್ಲಬಹುದು.

ಗಡ್ಡೆ ಹೊರಬಂದ ಮೇಲೆ ಸಕ್ಕರೆ ಏರುತ್ತೆ. ಹಿಂದೆ ಆ ಏರಿಕೆಯನ್ನೇ "ಪೂರ್ತಿ ಬಂತು" ಅನ್ನೋದಕ್ಕೆ ಸಾಕ್ಷಿ ಅಂತ ಕಾಯ್ತಿದ್ದರು. ಕೆಲವರಲ್ಲಿ ಅದು ತಡವಾಗುತ್ತೆ, ಅದೊಂದನ್ನೇ ನಂಬೋ ಹಾಗಿಲ್ಲ. ಹಾಗಾಗಿ ರಿಕವರಿಯಲ್ಲೂ ಬೆರಳು ಚುಚ್ಚೋದು ನಿಲ್ಲಲ್ಲ. ಅಮ್ಮಂದಿರು ಸಿಡಿಮಿಡಿ ಅನ್ನೋದು ಆಗಲೇ.