ಮಿಶ್ರತಳಿ ನಾಯಿಮರಿ ಖರೀದಿ: ಹೈದರಾಬಾದ್‌ನಲ್ಲಿ ಅಡ್ವಾನ್ಸ್ ಕೊಡುವ ಮುನ್ನ ಮರಿಯ ತಾಯಿಯನ್ನು ನೋಡಿದಿರಾ?

ಹೈದರಾಬಾದ್: ಬೀದಿಯಲ್ಲಿ ಹುಟ್ಟಿದ ಮಿಶ್ರತಳಿ ಮರಿಗೆ ಜನ ಇಟ್ಟಿರುವ ಹೆಸರು 'ಕಂತ್ರಿ ನಾಯಿ'. ಅದನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರು ಕಡಿಮೆ. ಎರಡು ಬೇರೆ ಬೇರೆ ಜಾತಿ ನಾಯಿಗಳನ್ನು ಬೇಕೆಂದೇ ಕೂಡಿಸಿ ಹುಟ್ಟಿಸಿದ ಮರಿಯೂ ಮಿಶ್ರತಳಿಯೇ. ಆದರೆ ಅದಕ್ಕೆ 'ಡಿಸೈನರ್ ನಾಯಿ' ಎಂಬ ಹೆಸರು, ಸಾವಿರಾರು ರೂಪಾಯಿ ಬೆಲೆ.

ಹೈದರಾಬಾದ್‌ನಂಥ ಮಹಾನಗರಗಳಲ್ಲಿ ಈಗ ನಾಯಿಮರಿ ವ್ಯಾಪಾರದ ಬಹುಪಾಲು ಮೊಬೈಲ್‌ನಲ್ಲೇ ನಡೆಯುತ್ತದೆ. ವಾಟ್ಸ್‌ಆ್ಯಪ್‌ಗೆ ಮುದ್ದಾದ ಫೋಟೊ ಬರುತ್ತದೆ, ಅಡ್ವಾನ್ಸ್ ಹೋಗುತ್ತದೆ, ಸಂಜೆಗೆ ಮರಿ ಮನೆ ಬಾಗಿಲಿಗೆ ಬರುತ್ತದೆ. ಆ ಫೋಟೊದಲ್ಲಿ ಕಾಣದೇ ಇರುವುದು ಒಂದೇ, ಅದರ ತಾಯಿ. ಮಿಶ್ರತಳಿ ಸಾಕುವುದು ಸರಿಯೇ ತಪ್ಪೇ ಎಂಬ ಚರ್ಚೆಯ ಉತ್ತರ ಇರುವುದು ಅಲ್ಲೇ.

ಕನ್ನಡಿಗರಿಗೆ ಈ ವಿಷಯ ಹೊಸದಲ್ಲ. 2022ರ ಜೂನ್‌ನಲ್ಲಿ ತೆರೆಕಂಡ ಕಿರಣ್‌ರಾಜ್ ಕೆ. ನಿರ್ದೇಶನದ, ರಕ್ಷಿತ್ ಶೆಟ್ಟಿ ಅಭಿನಯದ '777 ಚಾರ್ಲಿ' ಚಿತ್ರದ ನಾಯಿ ತಪ್ಪಿಸಿಕೊಂಡು ಬಂದದ್ದು ಇಂಥದ್ದೇ ಒಬ್ಬ ಬ್ರೀಡರ್‌ನ ಗೂಡಿನಿಂದ. ಚಿತ್ರ ನೋಡಿ ಕಣ್ಣೀರಾದವರು ಬಹಳ. ಆದರೆ ಮರಿ ಕೊಳ್ಳುವ ಹೊತ್ತಿಗೆ ಆ ಗೂಡು ನೆನಪಾಗುವುದು ಕಡಿಮೆ.

ಲ್ಯಾಬ್ರಡೂಡಲ್ ಹುಟ್ಟಿದ್ದು ಹೇಗೆ?

ಡಿಸೈನರ್ ನಾಯಿಗಳ ಹುಚ್ಚಿಗೆ ದಾರಿ ಮಾಡಿಕೊಟ್ಟಿದ್ದು ಒಂದು ಒಳ್ಳೆಯ ಉದ್ದೇಶ. 1980ರ ದಶಕದ ಕೊನೆಯಲ್ಲಿ ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ಮಾರ್ಗದರ್ಶಿ ನಾಯಿ ಬೇಕಿತ್ತು. ಅವರ ಪತಿಗೆ ನಾಯಿ ಎಂದರೆ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್, ಲ್ಯಾಬ್ರಡಾರ್ ಮತ್ತು ಪೂಡಲ್ ನಾಯಿಗಳನ್ನು ಕೂಡಿಸಿ ಮರಿ ಪಡೆದರು. ಮಿಶ್ರತಳಿ ಎಂದಾಗ ಉಳಿದ ಮರಿಗಳನ್ನು ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. 'ಲ್ಯಾಬ್ರಡೂಡಲ್' ಎಂದು ಹೆಸರಿಟ್ಟದ್ದೇ ತಡ, ಬೇಡಿಕೆ ಏರಿತು.

ಮುಂದೆ ಕಾಕಾಪೂ, ಕವಾಪೂ, ಮಾಲ್ಟಿಪೂ, ಪಾಮ್‌ಸ್ಕಿ ಎಂದು ಹೆಸರುಗಳ ಸಾಲೇ ಬೆಳೆಯಿತು. ಆರೋಗ್ಯ ನೋಡದೆ ಮರಿ ಹುಟ್ಟಿಸುವವರಿಗೆ ತಮ್ಮ ಪ್ರಯೋಗ ದಾರಿ ಮಾಡಿಕೊಟ್ಟಿತು ಎಂದು ಕಾನ್ರನ್ 2019ರಲ್ಲಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು.

ಮಿಶ್ರತಳಿ ಹೆಚ್ಚು ಆರೋಗ್ಯವಂತವೇ?

'ಕ್ರಾಸ್ ಮರಿಗೆ ರೋಗವೇ ಬರಲ್ಲ' ಎಂಬುದು ಮಾರುವವರ ಸಾಮಾನ್ಯ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಒಂದೇ ರಕ್ತಸಂಬಂಧದೊಳಗೆ ಪದೇ ಪದೇ ಕೂಡಿಸಿದಾಗ ಕೆಲವು ಅನುವಂಶಿಕ ಕಾಯಿಲೆಗಳು ಹೆಚ್ಚುತ್ತವೆ. ಹೊರಗಿನ ರಕ್ತ ಸೇರಿದಾಗ ಆ ಅಪಾಯ ತಗ್ಗಬಹುದು.

ಆದರೆ ತಂದೆ, ತಾಯಿ ಎರಡೂ ತಳಿಗಳಲ್ಲಿ ಒಂದೇ ದೋಷವಿದ್ದರೆ ಲಾಭವಿಲ್ಲ. ಕಣ್ಣಿನ ಅಕ್ಷಿಪಟಲ ನಿಧಾನಕ್ಕೆ ಹಾಳಾಗಿ ಕುರುಡುತನ ತರುವ ಒಂದು ಅನುವಂಶಿಕ ಕಾಯಿಲೆ ಲ್ಯಾಬ್ರಡಾರ್, ಪೂಡಲ್, ಕಾಕರ್ ಸ್ಪ್ಯಾನಿಯಲ್ ಮೂರರಲ್ಲೂ ಇದೆ. ಸೊಂಟದ ಕೀಲು ಸಡಿಲವಾಗುವ ಸಮಸ್ಯೆ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸಾಮಾನ್ಯ. ತಂದೆ ತಾಯಿಯ ತಪಾಸಣೆ ಮಾಡಿಸದೆ ಕೂಡಿಸಿದರೆ ಮರಿಗೂ ಅದು ಬರಬಹುದು.

ಬ್ರಿಟನ್‌ನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಕಾಕಾಪೂ, ಲ್ಯಾಬ್ರಡೂಡಲ್, ಕವಾಪೂ ನಾಯಿಗಳನ್ನು ಅವುಗಳ ಮೂಲ ತಳಿಗಳ ಜೊತೆ ಹೋಲಿಸಿ 2024ರಲ್ಲಿ ಅಧ್ಯಯನ ಪ್ರಕಟಿಸಿದರು. ಶೇ 86ಕ್ಕೂ ಹೆಚ್ಚು ಹೋಲಿಕೆಗಳಲ್ಲಿ ಆರೋಗ್ಯದ ದೃಷ್ಟಿಯಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಂದರೆ ಮಿಶ್ರತಳಿ ಎಂಬ ಒಂದೇ ಕಾರಣಕ್ಕೆ ನಾಯಿ ಹೆಚ್ಚು ಗಟ್ಟಿಯೂ ಅಲ್ಲ, ಹೆಚ್ಚು ದುರ್ಬಲವೂ ಅಲ್ಲ.

ಹಾಗೆಂದು ಎಲ್ಲ ಮಿಶ್ರತಳಿ ಪ್ರಯತ್ನವೂ ಕೆಟ್ಟದ್ದಲ್ಲ. ಡಾಲ್ಮೇಷಿಯನ್ ತಳಿಯಲ್ಲಿ ಮೂತ್ರಕೋಶದ ಕಲ್ಲಿಗೆ ಕಾರಣವಾಗುವ ಒಂದು ದೋಷ ಇಡೀ ತಳಿಗೇ ಹಬ್ಬಿತ್ತು. 1973ರಲ್ಲಿ ಅಮೆರಿಕದ ಸಂಶೋಧಕರೊಬ್ಬರು ಪಾಯಿಂಟರ್ ತಳಿಯೊಂದಿಗೆ ಒಮ್ಮೆ ಕೂಡಿಸಿ, ಮುಂದಿನ ತಲೆಮಾರುಗಳಲ್ಲಿ ಆ ದೋಷವಿಲ್ಲದ ಡಾಲ್ಮೇಷಿಯನ್‌ಗಳನ್ನು ಪಡೆದರು. ಅಲ್ಲಿ ಗುರಿ ನಾಯಿಯ ಆರೋಗ್ಯವಾಗಿತ್ತು. ಹೊಸ ಬಣ್ಣ, ಹೊಸ ಹೆಸರು ಮಾತ್ರ ಗುರಿಯಾದಾಗ ಲೆಕ್ಕ ಬದಲಾಗುತ್ತದೆ.

ಹೈದರಾಬಾದ್ ಬಿಸಿಲಿಗೆ ಹಸ್ಕಿ ಮಿಶ್ರತಳಿ

ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದ್‌ನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾಯಿಗಳು ಮುಖ್ಯವಾಗಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತವೆ. ಹಿಮಪ್ರದೇಶದ ಹಸ್ಕಿಯ ಎರಡು ಪದರದ ದಟ್ಟ ಕೂದಲು ಪಾಮ್‌ಸ್ಕಿಯಂಥ ಮರಿಗೂ ಬರಬಹುದು. ಪಗ್, ಶಿಹ್ ಟ್ಸು ನಾಯಿಗಳ ಮೋಟು ಮೂಗು ಮಿಶ್ರತಳಿ ಮರಿಗೆ ಬಂದರೆ ಉಸಿರಾಟವೇ ಕಷ್ಟ. ಎಸಿ ಇಲ್ಲದ ಫ್ಲಾಟ್‌ನ ಬಾಲ್ಕನಿಯಲ್ಲಿ ಇಂಥ ನಾಯಿಯನ್ನು ಕಟ್ಟಿಹಾಕುವುದು ಪ್ರಾಣಕ್ಕೇ ಎರವಾಗಬಹುದು.

ಗಾತ್ರದ ವ್ಯತ್ಯಾಸವೂ ಮುಖ್ಯ. ದೊಡ್ಡ ಗಂಡಿಗೂ ಸಣ್ಣ ಹೆಣ್ಣಿಗೂ ಕೂಡಿಸಿದರೆ ಮರಿಗಳು ತಾಯಿಯ ಗಾತ್ರಕ್ಕೆ ಮೀರಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಸಿಸೇರಿಯನ್ ಮಾಡಬೇಕಾಗಬಹುದು, ತಾಯಿಯೇ ಸಾಯಲೂಬಹುದು.

ಕಾನೂನು ಏನು ಹೇಳುತ್ತದೆ?

ನಾಯಿ ಸಂವರ್ಧನೆ ಮತ್ತು ಮಾರಾಟಕ್ಕೆ ನಿಯಮ ಬೇಕೆಂದು ಕೇಂದ್ರ ಕಾನೂನು ಆಯೋಗ 2015ರ ಆಗಸ್ಟ್‌ನಲ್ಲಿ ತನ್ನ 261ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2017ರ ಮೇ ತಿಂಗಳಲ್ಲಿ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಜಾರಿಗೆ ಬಂದವು. ಇವು ಕೇಂದ್ರದ ನಿಯಮಗಳಾದ್ದರಿಂದ ತೆಲಂಗಾಣ, ಕರ್ನಾಟಕ ಎರಡಕ್ಕೂ ಅನ್ವಯ. ಮುಖ್ಯ ಅಂಶಗಳು ಹೀಗಿವೆ:

* ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಮಧ್ಯವರ್ತಿಗಳು, ವ್ಯಾಪಾರಿಗಳು ಕೂಡ 'ಬ್ರೀಡರ್' ವ್ಯಾಖ್ಯೆಯೊಳಗೆ ಬರುತ್ತಾರೆ.
* 18 ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಪಡೆಯುವಂತಿಲ್ಲ. 8 ವರ್ಷ ಮೀರಿದ ಮೇಲೂ ಇಲ್ಲ.
* ವರ್ಷಕ್ಕೆ ಒಂದು ಸೂಲು, ಜೀವಮಾನದಲ್ಲಿ ಹೆಚ್ಚೆಂದರೆ ಐದು ಸೂಲು.
* 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಲಸಿಕೆ ಹಾಕಿಸಿ, ಮೈಕ್ರೋಚಿಪ್ ಅಳವಡಿಸಿರಬೇಕು.
* ಸಾರ್ವಜನಿಕ ಸ್ಥಳದಲ್ಲಿ ಪ್ರದರ್ಶಿಸಿ ಮಾರುವಂತಿಲ್ಲ.

ರಸ್ತೆ ಬದಿ ಬುಟ್ಟಿಯಲ್ಲಿಟ್ಟು ಮಾರುವ ಮರಿ, '35 ದಿನದ ಮರಿ ಲಭ್ಯ' ಎಂಬ ಜಾಹೀರಾತು ಎರಡೂ ನಿಯಮಕ್ಕೆ ವಿರುದ್ಧ. ಆದರೆ ಮೂಲ ಕಾಯ್ದೆಯ ಪ್ರಕಾರ ಪ್ರಾಣಿ ಹಿಂಸೆಯ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೈದರಾಬಾದ್‌ನಲ್ಲಿ ಅದು ಎರಡು ಕಪ್ ಇರಾನಿ ಚಹಾದ ದುಡ್ಡು. ಒಂದು ಮರಿಗೆ ಸಾವಿರಾರು ರೂಪಾಯಿ ಸಿಗುವ ದಂಧೆಯನ್ನು ಈ ದಂಡ ತಡೆಯುವುದಿಲ್ಲ. ಹಾಗಾಗಿ ನಿಯಮಕ್ಕೆ ಬಲ ಬರುವುದು ಕೊಳ್ಳುವವರ ಪ್ರಶ್ನೆಗಳಿಂದ.

ಇಂಗ್ಲೆಂಡ್ ಈ ಸಮಸ್ಯೆಗೆ ಬೇರೆ ದಾರಿ ಹಿಡಿದಿದೆ. ಅಲ್ಲಿ 2020ರ ಏಪ್ರಿಲ್ 6ರಿಂದ ಜಾರಿಯಲ್ಲಿರುವ 'ಲೂಸಿ ಕಾನೂನಿ'ನ ಪ್ರಕಾರ ಆರು ತಿಂಗಳೊಳಗಿನ ಮರಿಗಳನ್ನು ಅಂಗಡಿಯವರು, ದಲ್ಲಾಳಿಗಳು ಮಾರುವಂತಿಲ್ಲ. ಬ್ರೀಡರ್‌ನಿಂದಲೇ ನೇರವಾಗಿ ಕೊಳ್ಳಬೇಕು, ಇಲ್ಲವೇ ಆಶ್ರಯ ಕೇಂದ್ರದಿಂದ ದತ್ತು ಪಡೆಯಬೇಕು.

23 ತಳಿಗಳ ನಿಷೇಧ ಏನಾಯಿತು?

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಮಾರಾಟ ಮತ್ತು ಸಂವರ್ಧನೆಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಅವುಗಳ ಮಿಶ್ರತಳಿಗಳೂ ಪಟ್ಟಿಯಲ್ಲಿದ್ದವು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಸುತ್ತೋಲೆಯನ್ನು ರದ್ದುಪಡಿಸಿತು. ಮಿಶ್ರತಳಿ ಮರಿಯನ್ನು ಮೈಮಾಟ ನೋಡಿ ಇಂಥದ್ದೇ ಎಂದು ಗುರುತಿಸುವುದು ಕಷ್ಟ ಎಂಬುದು ಪಟ್ಟಿ ಮಾಡುವ ಅಧಿಕಾರಿಗೂ, ಕೊಳ್ಳುವವರಿಗೂ ಇರುವ ಸಮಸ್ಯೆ.

ಕೊಳ್ಳುವುದೇ ಆದರೆ ಏನು ನೋಡಬೇಕು?

ತಾಯಿ ನಾಯಿ: ಮರಿ ಹುಟ್ಟಿದ ಜಾಗಕ್ಕೇ ಹೋಗಿ, ಮರಿಗಳ ಜೊತೆ ತಾಯಿಯನ್ನು ನೋಡಬೇಕು. 'ತಾಯಿ ಊರಲ್ಲಿದೆ', 'ಅರ್ಧ ದಾರಿಯಲ್ಲಿ ತಂದು ಕೊಡುತ್ತೇವೆ' ಎಂದರೆ ಅಲ್ಲಿಗೇ ಬಿಡುವುದು ಒಳ್ಳೆಯದು. ತಾಯಿಯ ವಯಸ್ಸು, ಇದು ಎಷ್ಟನೇ ಸೂಲು ಎಂದು ಕೇಳಬೇಕು.

ಕಾಗದ ಪತ್ರ: ಬ್ರೀಡರ್‌ನ ನೋಂದಣಿ ಪತ್ರ, ಲಸಿಕೆ ಕಾರ್ಡ್, ಬಿಲ್ ಪಡೆಯಬೇಕು. ಕೆನಲ್ ಕ್ಲಬ್ ಆಫ್ ಇಂಡಿಯಾ ವಂಶಾವಳಿ ಪತ್ರ ಕೊಡುವುದು ಶುದ್ಧ ತಳಿಗಳಿಗೆ. ಮಿಶ್ರತಳಿ ಮರಿಗೆ 'ಕೆಸಿಐ ಪೇಪರ್ ಇದೆ' ಎಂದರೆ ಅನುಮಾನ ಪಡಬೇಕು.

ಪಾರ್ವೊ ಅಪಾಯ: ಪಾರ್ವೊ ವೈರಸ್ ತಗುಲಿದ ಕೆಲವು ದಿನಗಳ ನಂತರವಷ್ಟೇ ವಾಂತಿ, ರಕ್ತಭೇದಿ ಕಾಣಿಸಿಕೊಳ್ಳುತ್ತದೆ. ಕೊಂಡ ದಿನ ಕುಣಿಯುತ್ತಿದ್ದ ಮರಿ ವಾರದೊಳಗೆ ಹಾಸಿಗೆ ಹಿಡಿಯಬಹುದು. ಮರಿ ತಂದ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ನಾರಾಯಣಗುಡದಲ್ಲಿ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆ ಇದೆ.

ಪ್ರಯಾಣ: ಹೈದರಾಬಾದ್‌ನಲ್ಲಿ ಮರಿ ಕೊಂಡು ಬೀದರ್, ಕಲಬುರಗಿ, ರಾಯಚೂರಿಗೆ ಒಯ್ಯುವವರು ಗಮನಿಸಬೇಕು. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಪ್ರಯಾಣಕ್ಕೆ ನಾಯಿ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. ಹೈದರಾಬಾದ್‌ನಲ್ಲೇ ಸಾಕುವವರು ರೇಬೀಸ್ ಲಸಿಕೆ ಹಾಕಿಸಿ ಪಾಲಿಕೆಯಲ್ಲಿ ನೋಂದಣಿ ಮಾಡಿಸಬೇಕು.

'ಒಂದು ಸಲ ಮರಿ ಹಾಕಲಿ' ಎನ್ನುವ ಮುನ್ನ

ದೊಡ್ಡ ದಂಧೆಯವರು ಮಾತ್ರವಲ್ಲ, ಮನೆಯಲ್ಲಿ ಒಂದೇ ನಾಯಿ ಸಾಕಿದವರೂ 'ಒಂದು ಸಲವಾದರೂ ತಾಯಿಯಾಗಲಿ' ಎಂದು ಪರಿಚಯದವರ ನಾಯಿಯ ಜೊತೆ ಕೂಡಿಸುವುದುಂಟು. ಒಮ್ಮೆ ಮರಿ ಹಾಕಿದರೆ ಹೆಣ್ಣು ನಾಯಿಯ ಆರೋಗ್ಯ ಸುಧಾರಿಸುತ್ತದೆ ಎಂಬುದು ತಪ್ಪು ನಂಬಿಕೆ. ಲ್ಯಾಬ್ರಡಾರ್‌ನಂಥ ನಾಯಿ ಒಂದೇ ಸೂಲಿಗೆ ಏಳೆಂಟು ಮರಿ ಹಾಕಬಹುದು. ಎರಡಕ್ಕೆ ಮನೆ ಸಿಕ್ಕಿತು, ಉಳಿದವು ಎಲ್ಲಿಗೆ? ಮುದ್ದು ಮುಗಿದ ಮೇಲೆ ಬೀದಿಗೆ ಬಿಡುವವರೂ ಇದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಕಾಯ್ದೆಯ ಪ್ರಕಾರ ಅಪರಾಧ.

ಬೀದಿ ನಾಯಿಗಳ ವಿಷಯ ಹೈದರಾಬಾದ್‌ಗೆ ನೋವಿನದ್ದು. 2023ರ ಫೆಬ್ರುವರಿಯಲ್ಲಿ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಬಾಲಕ ನಾಯಿಗಳ ದಾಳಿಗೆ ಬಲಿಯಾದ. ಆ ದುರಂತಕ್ಕೆ ಸಾಕು ನಾಯಿ ಕಾರಣವಲ್ಲ. ಆದರೆ ಸಂತಾನಹರಣ ಮಾಡಿಸದ ಸಾಕು ನಾಯಿ ಬೀದಿಗೆ ಬಿದ್ದರೆ ಬೀದಿ ನಾಯಿಗಳ ಸಂಖ್ಯೆಗೆ ಅದೂ ಸೇರುತ್ತದೆ.

ದುಡ್ಡು ಕೊಡದೇ ಸಿಗುವ ಮಿಶ್ರತಳಿ

ಮಿಶ್ರತಳಿಯೇ ಬೇಕೆಂದರೆ ಅದು ಪಕ್ಕದ ಬೀದಿಯಲ್ಲೇ ಇದೆ. ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ 2025ರ ಆಗಸ್ಟ್ 17ರಂದು ಬಂಜಾರಾ ಹಿಲ್ಸ್‌ನ ಜಲಗಂ ವೆಂಗಳರಾವ್ ಪಾರ್ಕ್‌ನಲ್ಲಿ ಬೀದಿ ನಾಯಿಮರಿಗಳ ಉಚಿತ ದತ್ತು ಶಿಬಿರ ಏರ್ಪಡಿಸಿತ್ತು. ಅಮಲಾ ಮತ್ತು ನಾಗಾರ್ಜುನ ಅಕ್ಕಿನೇನಿ ದಂಪತಿ 1992ರಲ್ಲಿ ಸ್ಥಾಪಿಸಿದ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಸಂಸ್ಥೆಯೂ ದತ್ತು ಕೊಡುತ್ತದೆ. ಈ ನಾಯಿಗಳು ತಲೆಮಾರುಗಳಿಂದ ಇಲ್ಲಿನ ಬಿಸಿಲು, ಮಳೆಗೆ ಹೊಂದಿಕೊಂಡು ಬಂದಿವೆ. ತಳಿಯೇ ಬೇಕು ಎನ್ನುವವರಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದೆ. ಆದರೆ ಅದು ಓಟದ ನಾಯಿ, ಎರಡು ಕೋಣೆಯ ಫ್ಲಾಟ್‌ಗೆ ಹೊಂದುವುದಿಲ್ಲ.

ಶುದ್ಧ ತಳಿ, ಮಿಶ್ರತಳಿ, ಕಂತ್ರಿ ಎಂಬ ಹೆಸರುಗಳೆಲ್ಲ ಮನುಷ್ಯರು ಇಟ್ಟದ್ದು. ಮರಿಗೆ ಬೇಕಿರುವುದು 10ರಿಂದ 15 ವರ್ಷ ಜೊತೆಗಿರುವ ಮನೆ. ಅದರ ತಾಯಿಗೆ ಬೇಕಿರುವುದು ವರ್ಷವಿಡೀ ಗೂಡಿನಲ್ಲಿ ಮರಿ ಹಾಕುತ್ತಲೇ ಇರಬೇಕಿಲ್ಲದ ಬದುಕು. ತಾಯಿಯನ್ನು ನೋಡದೆ ಮರಿಗೆ ಕೊಟ್ಟ ಪ್ರತಿ ಅಡ್ವಾನ್ಸ್ ಆಕೆಯ ಮುಂದಿನ ಸೂಲಿಗೆ ಕೊಟ್ಟ ಆರ್ಡರ್ ಆಗಬಹುದು.