ಕಾಂತಕ್ಷೇತ್ರದಲ್ಲಿ ಶಕ್ತಿಸಂಚಯ: ಒಂದು ಚಾರಿತ್ರಿಕ ಸಮೀಕ್ಷೆ

ಬಿಸಿಲು, ಗಾಳಿ, ಹರಿಯುವ ನೀರು ಇವುಗಳಿಂದ ದೊರೆಯುವ ವಿದ್ಯುಚ್ಛಕ್ತಿಯು ನಮ್ಮ ಬೇಡಿಕೆಯ ವೇಳೆಯನ್ನು ಅನುಸರಿಸಿ ಬರುವುದಿಲ್ಲ. ಅದನ್ನು ಕೂಡಿಡುವ ಉಪಾಯಗಳಲ್ಲಿ ಕಾಂತಕ್ಷೇತ್ರವೂ ಒಂದು. ಆದರೆ ಈ ಉಪಾಯದಿಂದ ಎಷ್ಟು ಶಕ್ತಿಯನ್ನು ಕೂಡಿಡಬಹುದು, ಎಷ್ಟು ಬೇಗ ಅದನ್ನು ಹಿಂಪಡೆಯಬಹುದು ಎಂಬ ಎರಡು ಪ್ರಶ್ನೆಗಳು ಬೇರೆ ಬೇರೆ. ಇದರ ಇತಿಹಾಸವನ್ನು ಪರಿಶೀಲಿಸಿದರೆ ಈ ಭೇದವು ಸ್ಪಷ್ಟವಾಗುವುದೆಂದು ನಾವು ಭಾವಿಸುತ್ತೇವೆ.

ತಂತಿಯ ಸುರುಳಿಯಲ್ಲಿ ಪ್ರವಾಹವು ಹರಿಯುತ್ತಿರುವಾಗ ಅದರ ಕಾಂತಕ್ಷೇತ್ರದಲ್ಲಿ ಶಕ್ತಿಯು ನೆಲಸಿರುತ್ತದೆ. ಪ್ರವಾಹವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗುತ್ತದೆ. ತಾಮ್ರದ ತಂತಿಯಲ್ಲಾದರೋ ರೋಧದ ದೆಸೆಯಿಂದ ಅದು ಬಹುಬೇಗ ಶಾಖವಾಗಿ ವ್ಯಯವಾಗುವುದು. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಅವರು, ಸುಮಾರು 4.2 ಕೆಲ್ವಿನ್ ಉಷ್ಣತೆಯಲ್ಲಿ ಪಾದರಸದ ರೋಧವು ಇಲ್ಲವಾಗುವುದನ್ನು ಕಂಡರು. 1914ರಲ್ಲಿ ಅವರು ಸೀಸದ ಸುರುಳಿಯೊಂದರಲ್ಲಿ ಪ್ರವಾಹವು ಆಕರದ ನೆರವಿಲ್ಲದೆಯೇ ಹರಿಯುತ್ತಿರುವುದನ್ನು ತೋರಿಸಿದರು. ಆದರೆ ಟೆಸ್ಲಾದ ಹತ್ತನೆಯ ಒಂದು ಪಾಲಿಗಿಂತಲೂ ದುರ್ಬಲವಾದ ಕ್ಷೇತ್ರದಲ್ಲಿಯೇ ಸೀಸವು ಈ ಅತಿವಾಹಕ ಗುಣವನ್ನು ಕಳೆದುಕೊಳ್ಳುತ್ತಿತ್ತು. ಈ ಅಡ್ಡಿಯು ನೀಗಿದುದು 1961ರಲ್ಲಿ. ನಿಯೋಬಿಯಂ ಮತ್ತು ತವರಗಳ ಸಂಯುಕ್ತವು 8.8 ಟೆಸ್ಲಾ ಕ್ಷೇತ್ರದಲ್ಲಿಯೂ ಅತಿವಾಹಕವಾಗಿ ಉಳಿಯುವುದೆಂದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕುನ್ಸ್ಲರ್ ಮತ್ತು ಸಹೋದ್ಯೋಗಿಗಳು ಸಿದ್ಧಪಡಿಸಿದರು.

ಅನಂತರ ಆಸೆಗಳು ಹಿರಿದಾದವು. ಫ್ರಾನ್ಸಿನ ವಿದ್ಯುತ್ ಬೇಡಿಕೆಯ ದೈನಂದಿನ ಏರಿಳಿತವನ್ನು ಬೃಹತ್ ಸುರುಳಿಯೊಂದರಿಂದ ಸರಿದೂಗಿಸಬಹುದೆಂದು 1969ರಲ್ಲಿ ಫೆರಿಯರ್ ಸೂಚಿಸಿದರು. 1970ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನೂರಾರು ಮೀಟರ್ ವ್ಯಾಸದ ಸುರುಳಿಗಳನ್ನು ನೆಲದಡಿಯ ಬಂಡೆಯಲ್ಲಿ ಹುದುಗಿಸುವ ಯೋಜನೆಗಳನ್ನು ರೂಪಿಸಿದರು. ಬಂಡೆಯ ಆಸರೆ ಏಕೆ ಬೇಕಾಯಿತೆಂಬುದು ಗಮನಾರ್ಹ. ಕಾಂತಕ್ಷೇತ್ರವು ತನ್ನ ಸುರುಳಿಯನ್ನೇ ಹೊರಕ್ಕೆ ನೂಕಿ ಸೀಳಲು ಯತ್ನಿಸುತ್ತದೆ. ಕೂಡಿಟ್ಟ ಶಕ್ತಿಯು ಹೆಚ್ಚಿದಷ್ಟೂ ಅದನ್ನು ತಡೆಹಿಡಿಯುವ ಕಟ್ಟಡವೂ ಅದೇ ಪ್ರಮಾಣದಲ್ಲಿ ಭಾರವಾಗಬೇಕು. ಅದರ ಮೇಲೆ, 5 ಟೆಸ್ಲಾ ಕ್ಷೇತ್ರದ ಒಂದು ಘನಮೀಟರಿನಲ್ಲಿ ಹಿಡಿಯುವ ಶಕ್ತಿಯು ಮೂರು ಯೂನಿಟ್ಟಿಗಿಂತಲೂ ಕಡಿಮೆ. ಆ ಬೃಹತ್ ಸುರುಳಿಗಳು ಕಾಗದದ ಮೇಲೆಯೇ ಉಳಿದವು.

ವಾಸ್ತವವಾಗಿ ಕೆಲಸಕ್ಕೆ ಬಂದ ಸುರುಳಿಯ ಉದ್ದೇಶವೇ ಬೇರೆಯಾಗಿತ್ತು. ಕೊಲಂಬಿಯಾ ನದಿಯ ಜಲವಿದ್ಯುತ್ತನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ಯುವ ದೀರ್ಘ ಮಾರ್ಗದಲ್ಲಿ, ಸುಮಾರು ಮೂರು ಸೆಕೆಂಡಿಗೊಮ್ಮೆ ತೂಗುವ ಆಂದೋಲನಗಳು ಕಾಣಿಸಿಕೊಂಡಿದ್ದವು. ಅವನ್ನು ಶಮನಗೊಳಿಸಲೆಂದು 1983ರಲ್ಲಿ ಟಕೋಮಾ ಉಪಕೇಂದ್ರದಲ್ಲಿ 30 ಮೆಗಾಜೌಲ್ ಸುರುಳಿಯನ್ನು ಸ್ಥಾಪಿಸಿ ಪರೀಕ್ಷಿಸಲಾಯಿತು. ಮೂವತ್ತು ಮೆಗಾಜೌಲೆಂದರೆ ಸುಮಾರು 8.3 ಯೂನಿಟ್ಟು ಮಾತ್ರ. 10 ಮೆಗಾವಾಟ್ ದರದಲ್ಲಿ ತೆಗೆದರೆ ಮೂರೇ ಸೆಕೆಂಡುಗಳಲ್ಲಿ ಬರಿದಾಗುವಷ್ಟು. ಆದರೆ ಅಲ್ಲಿ ಬೇಕಾಗಿದ್ದುದು ಮೊತ್ತವಲ್ಲ, ಕ್ಷಣಾರ್ಧದಲ್ಲಿ ಕೊಡುವ ಮತ್ತು ಕೊಳ್ಳುವ ಚುರುಕು.

1987ರಲ್ಲಿ, ದ್ರವ ನೈಟ್ರೋಜನ್ನಿನ 77 ಕೆಲ್ವಿನ್ ಉಷ್ಣತೆಯಲ್ಲಿಯೇ ಅತಿವಾಹಕವಾಗುವ ಸಂಯುಕ್ತವು ದೊರೆತಾಗ ಹಳೆಯ ಆಸೆ ಮರಳಿ ಚಿಗುರಿತು. ಆದರೆ ಈ ಶೋಧದಿಂದ ಹಗುರವಾದುದು ಶೈತ್ಯದ ಹೊರೆಯೇ ಹೊರತು ಸುರುಳಿಯನ್ನು ಸೀಳುವ ಬಲವಲ್ಲ.

ಹೀಗಾಗಿ ಹಗಲಿನ ಬಿಸಿಲನ್ನು ಇರುಳಿಗೆ ಕಾಯ್ದಿಡುವ ಕಣಜವೆಂದು ಈ ಸಾಧನವನ್ನು ವರ್ಣಿಸುವುದು ಸಾಧುವಲ್ಲ. ಆ ಕೆಲಸಕ್ಕೆ ಎತ್ತರದ ಜಲಾಶಯಕ್ಕೆ ನೀರನ್ನೇರಿಸುವ ಕ್ರಮವೂ ಬ್ಯಾಟರಿಗಳೂ ತಕ್ಕವು. ಮೋಡ ಕವಿದಾಗ, ಗಾಳಿ ತಟಕ್ಕನೆ ಕುಂದಿದಾಗ ಜಾಲವು ತತ್ತರಿಸದಂತೆ ಹಿಡಿಯುವ ಆ ಕೆಲವು ಸೆಕೆಂಡುಗಳೇ ಕಾಂತಸುರುಳಿಯ ನಿಜವಾದ ಕ್ಷೇತ್ರ. ಸಂಚಯವನ್ನು ಬೋಧಿಸುವಾಗ ಶಕ್ತಿಯ ಮೊತ್ತವನ್ನೂ ಅದನ್ನು ಒದಗಿಸುವ ವೇಗವನ್ನೂ ಬೇರ್ಪಡಿಸಿ ಹೇಳುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.