ಲೀಟರಿಗೆ ಎಷ್ಟು ಕೊಡುತ್ತೆ?

ಹಸು ಕೊಳ್ಳಲು ಹೋದವರು ಮೊದಲು ಕೇಳುವುದು "ಹೊತ್ತಿಗೆ ಎಷ್ಟು ಕೊಡುತ್ತೆ?" ಅಂತ. ಹಾಲು ಅನ್ನುವ ಮಾತನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಕಾರು ಕೊಳ್ಳಲು ಹೋದವರು ಕೇಳುವುದೂ ಹೆಚ್ಚು ಕಡಿಮೆ ಅದನ್ನೇ. "ಲೀಟರಿಗೆ ಎಷ್ಟು ಕೊಡುತ್ತೆ?" ಕೊಟ್ಟಿಗೆಯಿಂದ ಎದ್ದ ಪ್ರಶ್ನೆ ನೇರವಾಗಿ ಷೋರೂಮಿಗೆ ಬಂದು ಕೂತಿದೆ :)

ಈ ಪ್ರಶ್ನೆ ಕೇಳುವವರನ್ನು ಜುಗ್ಗರು ಅಂತ ನಗುವವರಿದ್ದಾರೆ. ಎಂಟು ಹತ್ತು ಲಕ್ಷ ಕೊಟ್ಟು ಕಾರು ತಗೊಂಡು ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚುಕಮ್ಮಿಗೆ ಒದ್ದಾಡುತ್ತಾರಲ್ಲ ಅಂತ. ನನಗೆ ಹಾಗೆ ನಗಲು ಮನಸ್ಸಾಗುವುದಿಲ್ಲ. ಈ ಪ್ರಶ್ನೆಗೆ ಒಂದು ಇತಿಹಾಸ ಇದೆ, ಅದು ಹುಟ್ಟಿದ ಕಾಲಕ್ಕೆ ಅದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿರಲಿಲ್ಲ. ಆದರೆ ಇವತ್ತಿಗೂ ಅದೇ ಮೊದಲ ಪ್ರಶ್ನೆ ಆಗಿರಬೇಕಾ? ನಮ್ಮ ಮನೆಯಲ್ಲೂ ಕಾರಿನ ಮಾತು ನಡೆಯುತ್ತಿರುವುದರಿಂದ ಕೂತು ಸ್ವಲ್ಪ ಯೋಚಿಸಿದೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಈ ಪ್ರಶ್ನೆಗೆ ಅರ್ಥವೇ ಇಲ್ಲದಿದ್ದ ಕಾಲಕ್ಕೆ ಹೋಗೋಣ. 1957ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಸತೊಡಗಿತು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಮುಂಬಯಿಯ ಪ್ರೀಮಿಯರ್ ಕಂಪನಿ ಇಟಲಿಯ ಫಿಯೆಟ್ 1100 ಮಾಡುತ್ತಿತ್ತು, ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಆಯಿತು. ಮದರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಬರುತ್ತಿತ್ತು. ನಮ್ಮ ಹಿಂದಿನ ತಲೆಮಾರಿಗೆ ಹೊಸ ಕಾರು ಅಂದರೆ ಹೆಚ್ಚು ಕಡಿಮೆ ಇಷ್ಟೇ. ಲೈಸೆನ್ಸ್ ಕಾಲ. ಯಾರು ಎಷ್ಟು ಕಾರು ಮಾಡಬೇಕು ಅನ್ನುವುದನ್ನು ದೆಹಲಿ ತೀರ್ಮಾನಿಸುತ್ತಿತ್ತು. ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಐವತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವವನಿಗೆ ಎಷ್ಟು ಕೊಡುತ್ತೆ ಅನ್ನುವುದಕ್ಕಿಂತ ಯಾವಾಗ ಕೊಡ್ತಾರೆ ಅನ್ನುವುದೇ ದೊಡ್ಡದು!

ಜನಸಾಮಾನ್ಯರಿಗೆ ಒಂದು ಸಣ್ಣ ಕಾರು ಬೇಕು ಅನ್ನುವ ಮಾತು ಸರ್ಕಾರದ ಕಿವಿಗೆ ಬೀಳದೇ ಇರಲಿಲ್ಲ. 1959ರಲ್ಲೇ ಎಲ್.ಕೆ. ಝಾ ಅವರ ಅಧ್ಯಕ್ಷತೆಯ ಸಮಿತಿ ಮೋಟಾರು ಉದ್ಯಮವನ್ನು ಪರಿಶೀಲಿಸಿ, ಸಣ್ಣ ಕಾರಿನ ಪರವಾಗಿ ಮಾತಾಡಿತ್ತು. ಆಮೇಲೆ? ಬಸ್ಸು, ಲಾರಿ ಮುಖ್ಯವೋ ಕಾರು ಮುಖ್ಯವೋ, ಸರ್ಕಾರ ಮಾಡಬೇಕೋ ಖಾಸಗಿಯವರೋ ಎನ್ನುವ ಚರ್ಚೆಯಲ್ಲಿ ಹತ್ತು ವರ್ಷ ಹೋಯಿತು.

ಅಷ್ಟರಲ್ಲಿ 1973 ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ, ಅದರ ಬೆನ್ನಿಗೆ ತೈಲ ನಿರ್ಬಂಧ. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಆರಂಭಕ್ಕೆ 12 ಡಾಲರ್ ಹತ್ತಿರ ಹೋಯಿತು. ಇಲ್ಲಿ ಪೆಟ್ರೋಲ್ ಬೆಲೆ ಏರಿತು. ಅದನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿ 1973ರ ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಬಂದರು. "ಎಷ್ಟು ಕೊಡುತ್ತೆ?" ಅನ್ನುವ ಪ್ರಶ್ನೆಗೆ ಗಟ್ಟಿ ದನಿ ಬಂದಿದ್ದು ಆವಾಗಲೇ ಅಂತ ನನ್ನ ಲೆಕ್ಕ. ಅಂಬಾಸಡರ್ ಕೊಡುತ್ತಿದ್ದುದು ಲೀಟರಿಗೆ ಹತ್ತರ ಆಸುಪಾಸು. ಘಾಟಿ ಹತ್ತಿದರೆ ಅದೂ ಇಲ್ಲ.

ಘಾಟಿ ಅಂದಾಗ ನೆನಪಾಯಿತು. ಆಗುಂಬೆ, ಚಾರ್ಮಾಡಿ ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕೆಲವರಂತೂ ಎಂಜಿನ್ನನ್ನೇ ಆಫ್ ಮಾಡಿ ಗಾಡಿಯನ್ನು ಜಾರಲು ಬಿಡುವ ಚಾಳಿ ಇತ್ತಲ್ಲ, ಅದು ಈ ಅಭಾವದ ಕಾಲದ ಕೂಸು. ಕಾರ್ಬೊರೇಟರ್ ಗಾಡಿಯಲ್ಲಿ ಹಾಗೆ ಒಂದಿಷ್ಟು ಪೆಟ್ರೋಲ್ ಉಳಿಯುತ್ತಿದ್ದುದು ನಿಜ, ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯವೂ ಅಷ್ಟೇ ನಿಜ. 2000ದ ಆಸುಪಾಸಿನಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ ಆ ಲೆಕ್ಕ ತಿರುಗುಮುರುಗಾಗಿದೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಈಗಿನ ಎಂಜಿನ್ ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೇ ಐಡ್ಲಿಂಗಿಗೆ ಪೆಟ್ರೋಲ್ ಖರ್ಚು. ಆದರೂ ಚಾಳಿ ಮಾತ್ರ ಹೋಗಿಲ್ಲ.

ಸಣ್ಣ ಕಾರಿನ ಕನಸು ನಮ್ಮ ಬೆಂಗಳೂರಿನಲ್ಲೂ ಒಂದು ಸುತ್ತು ತಿರುಗಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1970ರ ದಶಕದ ನಡುವಿನಲ್ಲಿ ಇಲ್ಲಿನ ಒಂದು ಕಂಪನಿ, ಮುಂದೆ ಸಿಪಾನಿ ಆಟೋಮೊಬೈಲ್ಸ್ ಅಂತ ಹೆಸರಾಗಿದ್ದು, 'ಬಾದಲ್' ಅನ್ನುವ ಮೂರು ಚಕ್ರದ ಕಾರು ಮಾಡಿತು. ಮುಂದೆ ಒಂದು ಚಕ್ರ, ಹಿಂದೆ ಎರಡು. ಸುಮಾರು 200 ಸಿಸಿಯ ಸ್ಕೂಟರ್ ಜಾತಿಯ ಎಂಜಿನ್, ಫೈಬರ್ ಗ್ಲಾಸ್ ಮೈ. ಆಮೇಲೆ 1982ರ ಹೊತ್ತಿಗೆ 'ಡಾಲ್ಫಿನ್' ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿ, 848 ಸಿಸಿ ಎಂಜಿನ್, ಎರಡೇ ಬಾಗಿಲು. ಹಗುರವಾಗಿದ್ದರಿಂದ ರೇಸಿನವರಿಗೆ ಅದು ಪ್ರಿಯವಾಯಿತು. ಮಾರುಕಟ್ಟೆಯಲ್ಲಿ ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ಮರುವರ್ಷವೇ ಇನ್ನೊಂದು ಕಾರು ಬಂತು.

ಅದರ ಕತೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. 1970ರಲ್ಲಿ ಸಂಜಯ್ ಗಾಂಧಿಗೆ ವರ್ಷಕ್ಕೆ 50,000 ಕಾರು ಮಾಡುವ ಅನುಮತಿ ಸಿಕ್ಕಿತು. ಗುರಗಾಂವ್‌ನಲ್ಲಿ ಜಾಗ ಸಿಕ್ಕಿತು, ಕಂಪನಿ ಎದ್ದಿತು, ಜನರ ಕಾರು ಮಾತ್ರ ಹೊರಬರಲಿಲ್ಲ. 1978ರಲ್ಲಿ ಕಂಪನಿ ಮುಚ್ಚಿತು. 1980ರಲ್ಲಿ ಸಂಜಯ್ ತೀರಿಕೊಂಡ ಮೇಲೆ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು, 1981ರಲ್ಲಿ ಮಾರುತಿ ಉದ್ಯೋಗ್ ಹುಟ್ಟಿತು. ಇಂಧನ ಉಳಿಸುವ ವಾಹನ ಮಾಡುವುದು ಈ ಹೊಸ ಕಂಪನಿಯ ಘೋಷಿತ ಉದ್ದೇಶಗಳಲ್ಲೇ ಒಂದಾಗಿತ್ತು. ಅಂದರೆ "ಎಷ್ಟು ಕೊಡುತ್ತೆ?" ಅನ್ನುವುದು ಸರ್ಕಾರಿ ಕಾಗದಕ್ಕೂ ಏರಿತ್ತು!

ಹೀಗಿದ್ದೂ ಮೊದಲು ಕಣ್ಣು ಬಿದ್ದಿದ್ದು ಫ್ರಾನ್ಸಿನ ರೆನೋ 18ರ ಮೇಲೆ, ಅದು ದೊಡ್ಡ ಕಾರು. ಜನಕ್ಕೆ ಬೇಕಿದ್ದುದು ಸಣ್ಣದು ಅನ್ನುವುದು ಆಮೇಲೆ ತಿಳಿಯಿತು. ಕೊನೆಗೆ 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಆಯಿತು. ವಿ. ಕೃಷ್ಣಮೂರ್ತಿ ಮತ್ತು ಆರ್.ಸಿ. ಭಾರ್ಗವ ಇಲ್ಲಿನ ಕಡೆಯವರು, ಒಸಾಮು ಸುಜುಕಿ ಆ ಕಡೆಯವರು.

ಸುಜುಕಿ ಯಾಕೆ ಸರಿಹೊಂದಿತು ಅನ್ನುವುದಕ್ಕೆ ಜಪಾನಿನದೇ ಒಂದು ಹಿನ್ನೆಲೆ ಇದೆ. ಯುದ್ಧದಲ್ಲಿ ಸೋತು ಬಡವಾಗಿದ್ದ ಆ ದೇಶ 'ಕೇ' ಕಾರು ಅಂತ ಒಂದು ವರ್ಗವನ್ನೇ ಮಾಡಿತ್ತು. 1950ರ ದಶಕದಲ್ಲಿ ಅದಕ್ಕೆ ಎಂಜಿನ್ ಮಿತಿ 360 ಸಿಸಿ, 1976ರಿಂದ 550 ಸಿಸಿ. ಇಷ್ಟರೊಳಗೆ ಇದ್ದರೆ ತೆರಿಗೆ ಕಡಿಮೆ. ಈ ಬೇಲಿಯೊಳಗೆ ನಾಲ್ಕು ಜನರನ್ನು ಕೂರಿಸುವುದು ಹೇಗೆ ಅಂತ ಸುಜುಕಿ 1955ರಿಂದಲೂ ತಲೆ ಕೆಡಿಸಿಕೊಂಡಿತ್ತು. ನಮಗೆ ಬಂದಿದ್ದು ಅದೇ ಪುಟ್ಟ ಮೈಗೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿದ ಕಾರು. ತೂಕ ಅಂಬಾಸಡರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಎಂಜಿನ್ ಮುಂದೆ, ಅದು ತಿರುಗಿಸುವುದೂ ಮುಂದಿನ ಚಕ್ರವನ್ನೇ. ಹಿಂದಿನ ಚಕ್ರದವರೆಗೆ ಶಕ್ತಿ ಒಯ್ಯುವ ಆ ಉದ್ದ ಶಾಫ್ಟಿನ ಭಾರವೂ ಇಲ್ಲ, ನಷ್ಟವೂ ಇಲ್ಲ. ಮೈಲೇಜಿನ ಗುಟ್ಟು ಇಷ್ಟೇ, ಹೊರುವುದು ಕಡಿಮೆ ಆದರೆ ಕುಡಿಯುವುದೂ ಕಡಿಮೆ.

1983ರಲ್ಲಿ ಬುಕಿಂಗ್ ತೆರೆದಾಗ ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಕಾರು ಇನ್ನೂ ರಸ್ತೆಗೇ ಇಳಿದಿರಲಿಲ್ಲ! ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಕೈ ಕೊಟ್ಟರು. ಬೆಲೆ 47,500 ರೂಪಾಯಿ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ, ಈ ಬರಹದ ತಿರುಳು ಅದರಲ್ಲೇ ಇದೆ. ವರ್ಷಕ್ಕೆ 10,000 ಕಿ.ಮೀ. ಓಡುವ ಮನೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 10 ಕೊಡುವ ಕಾರಿಗೆ 1000 ಲೀಟರ್ ಬೇಕು. 18 ಕೊಡುವ ಕಾರಿಗೆ ಸುಮಾರು 555 ಲೀಟರ್ ಸಾಕು. ಉಳಿತಾಯ 445 ಲೀಟರ್. ಸಂಬಳದ ಮೇಲೆ ಬದುಕುವ ಮನೆಗೆ ಕಾರು ಇಟ್ಟುಕೊಳ್ಳಬಹುದೋ ಇಲ್ಲವೋ ಅನ್ನುವುದನ್ನೇ ತೀರ್ಮಾನಿಸುವ ವ್ಯತ್ಯಾಸ ಇದು. ಆ ತಲೆಮಾರು ಮೈಲೇಜ್ ಕೇಳಿದ್ದು ಜುಗ್ಗತನ ಅಲ್ಲ, ಬದುಕಿನ ಲೆಕ್ಕ.

ಈಗ ಇವತ್ತಿಗೆ ಬನ್ನಿ. ಒಂದು ಕಾರು 20 ಕೊಡುತ್ತೆ, ಪಕ್ಕದ್ದು 22 ಕೊಡುತ್ತೆ. ಅದೇ 10,000 ಕಿ.ಮೀ.ಗೆ ಉಳಿಯುವುದು 45 ಲೀಟರ್. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 4,500, ತಿಂಗಳಿಗೆ 375 ರೂಪಾಯಿ. ಪ್ರಶ್ನೆ ಅದೇ. ಆದರೆ ಅದರ ತೂಕ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ.

ಇದು ಗೊತ್ತಿಲ್ಲದೆ ನಾವು ಆ ಪ್ರಶ್ನೆಯ ಹಿಂದೆ ಎಷ್ಟು ಸಲ ಓಡಿಲ್ಲ! ಲಾರಿ, ಬಸ್ಸು, ರೈತರ ಪಂಪ್‌ಸೆಟ್ಟಿಗಾಗಿ ಡೀಸೆಲ್ ಬೆಲೆಯನ್ನು ಸರ್ಕಾರ ಕೆಳಗೆ ಹಿಡಿದಿತ್ತು. 1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾ ಆ ಅಗ್ಗದ ಡೀಸೆಲ್ಲನ್ನು ಸಣ್ಣ ಕಾರಿಗೆ ತಂದಿತು. 2007ರಲ್ಲಿ ಸ್ವಿಫ್ಟ್ ಡೀಸೆಲ್, ಅದರಲ್ಲಿದ್ದುದು ಫಿಯೆಟ್‌ನ 1248 ಸಿಸಿ ಎಂಜಿನ್. ಅದು ಎಷ್ಟು ಕಂಪನಿಗಳ ಕಾರಿಗೆ ಹೋಯಿತೆಂದರೆ 'ರಾಷ್ಟ್ರೀಯ ಎಂಜಿನ್' ಅಂತ ತಮಾಷೆಯ ಹೆಸರೇ ಬಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟಾಗ ಅಂತರ ಇನ್ನೂ ಹೆಚ್ಚಿ ಜನ ಡೀಸೆಲ್ಲಿಗೆ ಮುಗಿಬಿದ್ದರು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಹಿಡಿತವೂ ಹೋಯಿತು, ಅಂತರ ಕರಗಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಲಕ್ಷ ರೂಪಾಯಿ ಹೆಚ್ಚು ಕೊಟ್ಟು ಡೀಸೆಲ್ ತಗೊಂಡು, ಕಿಲೋಮೀಟರಿಗೆ ಎರಡು ರೂಪಾಯಿ ಉಳಿಸಿದರೂ ಅಸಲು ಹುಟ್ಟಲು 50,000 ಕಿ.ಮೀ. ಓಡಬೇಕು. ದಿನಾ ಆಫೀಸಿಗೆ ಹತ್ತು ಕಿ.ಮೀ. ಹೋಗುವವರಿಗೆ ಅದು ಎಂದೂ ಹುಟ್ಟುವ ಲಾಭವಾಗಿರಲಿಲ್ಲ.

ಕಾರಿನ ಆಕಾರವನ್ನೂ ನಾವು ಆರಿಸಿದ್ದಲ್ಲ. 2006ರ ಬಜೆಟ್‌ನಲ್ಲಿ 4 ಮೀಟರಿನೊಳಗಿನ, ಪೆಟ್ರೋಲ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕ 24ರಿಂದ 16 ಶೇಕಡಾಕ್ಕೆ ಇಳಿಯಿತು. ಜಪಾನಿನ ಬೇಲಿಯಂಥದ್ದೇ ಬೇಲಿ. ಡಿಕ್ಕಿ ಕತ್ತರಿಸಿದಂತೆ ಕಾಣುವ ಕಾರುಗಳು ಹುಟ್ಟಿದ್ದು ಇದರಿಂದ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 18 ಶೇಕಡಾ ಆದಾಗಲೂ ಅಳತೆಗೋಲು ಅದೇ.

ಇಷ್ಟೆಲ್ಲ ವರ್ಷ ನಾವು ಕೇಳದೇ ಬಿಟ್ಟ ಪ್ರಶ್ನೆ ಒಂದಿತ್ತು. 2014ರ ಜನವರಿಯಲ್ಲಿ ಮಾರುತಿ 800ರ ಕೊನೆಯ ಕಾರು ಕಾರ್ಖಾನೆಯಿಂದ ಹೊರಬಿತ್ತು. ಅದೇ ತಿಂಗಳ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿದ ಫಲಿತಾಂಶ ಹೊರಹಾಕಿತು. ಐದಕ್ಕೂ ಸೊನ್ನೆ. ಆದರೆ ಅದರಲ್ಲೇ ಒಂದು ಕಾರು, ಪೋಲೋ, ಎರಡು ಏರ್‌ಬ್ಯಾಗ್ ಹಾಕಿಕೊಂಡು ಬಂದಾಗ ನಾಲ್ಕು ಸ್ಟಾರ್ ಪಡೆಯಿತು. ಅಂದರೆ ಸಣ್ಣ ಕಾರು ಅನ್ನುವುದೇ ತಪ್ಪಾಗಿರಲಿಲ್ಲ. ನಾವು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಹೊಸ ಮಾದರಿಗಳಿಗೆ ಗುದ್ದು ಪರೀಕ್ಷೆ ಕಡ್ಡಾಯವಾಗಿದ್ದು 2017ರ ಅಕ್ಟೋಬರಿನಿಂದ, ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಗಿದ್ದು 2023ರ ಅಕ್ಟೋಬರಿನಲ್ಲಿ. ಮೊದಲ ಮಾರುತಿ ಬಂದು ನಲವತ್ತು ವರ್ಷ ಆಗುತ್ತಾ ಬಂದಿತ್ತು.

ಬೆಂಗಳೂರಿನ ಇನ್ನೊಂದು ಕೂಸು ರೇವಾದ ಕತೆಯಲ್ಲೂ ಇದೇ ಪಾಠ ಇದೆ. 2001ರಲ್ಲೇ, ಜಗತ್ತು ಇನ್ನೂ ಕಣ್ಣು ಬಿಡುವ ಮೊದಲೇ, ಚೇತನ್ ಮೈನಿ ಅವರ ತಂಡ ಕರೆಂಟಿನ ಕಾರು ರಸ್ತೆಗೆ ಇಳಿಸಿತು. ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಲಂಡನ್ನಿನಲ್ಲಿ ಜೀ-ವಿಜ್ ಅನ್ನುವ ಹೆಸರಲ್ಲಿ ಓಡಾಡಿತು. ಯುರೋಪಿನ ನಿಯಮದ ಪ್ರಕಾರ ಅದು ಕಾರಲ್ಲ, ಕ್ವಾಡ್ರಿಸೈಕಲ್. ಹಾಗಾಗಿ ಕಾರಿನ ಗುದ್ದು ಪರೀಕ್ಷೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಟೀಕೆ ಬಂದಿದ್ದೂ ಅಲ್ಲಿಂದಲೇ. ಖರ್ಚು ಕಡಿಮೆ ಅನ್ನುವುದೊಂದೇ ಸಾಕಾಗಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾದ ಕೈಗೆ ಹೋಯಿತು.

ಹಾಗಾದರೆ ಮೈಲೇಜ್ ಕೇಳಬಾರದೇ? ಖಂಡಿತ ಕೇಳಿ. ಆದರೆ ಕಾಗದದ ಮೇಲಿನ ಅಂಕಿಯನ್ನು ನಂಬಿ ಕೂರಬೇಡಿ, ಅದು ಪ್ರಯೋಗಾಲಯದ್ದು. ಒಂದು ಸಲ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸಿ ನೋಡಿ. ಪೆಟ್ರೋಲಿನಲ್ಲಿ ಈಗ 20 ಶೇಕಡಾ ಎಥನಾಲ್ ಇದೆ, ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ ಶಕ್ತಿ ಅನ್ನುವುದೂ ಲೆಕ್ಕದಲ್ಲಿರಲಿ. ನನ್ನ ಪಟ್ಟಿಯಲ್ಲಿ ಮೊದಲನೆಯದು, ಗುದ್ದಿದರೆ ಒಳಗಿರುವವರು ಉಳಿಯುತ್ತಾರಾ? ಎರಡನೆಯದು, ವರ್ಷಕ್ಕೆ ನಾವು ನಿಜವಾಗಿ ಎಷ್ಟು ಕಿಲೋಮೀಟರ್ ಓಡುತ್ತೇವೆ? ಮೂರನೆಯದು, ಕೆಟ್ಟರೆ ನಮ್ಮೂರಿನ ಮೆಕ್ಯಾನಿಕ್ ಕೈಗೆ ಬಗ್ಗುತ್ತದಾ? ಆಮೇಲೆ ನಾಲ್ಕನೆಯದಾಗಿ, ಎಷ್ಟು ಕೊಡುತ್ತೆ?

ಹಸುವಿನ ವಿಷಯದಲ್ಲಿ ನಮ್ಮ ಹಿರಿಯರು ಹಾಲಷ್ಟೇ ಕೇಳಿ ಸುಮ್ಮನಾಗುತ್ತಿರಲಿಲ್ಲ, ಒದೆಯುತ್ತದಾ ಅಂತಲೂ ಕೇಳುತ್ತಿದ್ದರು.

ನಿಮ್ಮ ಮನೆಯ ಮೊದಲ ಕಾರು ಯಾವುದು, ಅದು ಎಷ್ಟು ಕೊಡುತ್ತಿತ್ತು? ನೆನಪಿದ್ದವರು ಬರೆಯಿರಿ, ಓದುವ ಆಸೆ ಇದೆ.